ಹೊಲದ ಪಾಠವೂ ಶಿಕ್ಷಕರಿಗೆ ಸಲ್ಲಬೇಕಾದ ನೆರವೂ



ಮನಗೂಳಿಯು ವಿದ್ಯೆಗೆ ಹೊಸತಾದ ಊರಲ್ಲ. 12ನೆಯ ಶತಮಾನದಲ್ಲಿ, ಕಲಚುರ್ಯರ ಕಾಲಕ್ಕೆ, ಇಲ್ಲಿ ಕೆತ್ತಿಸಲ್ಪಟ್ಟ ಶಾಸನವನ್ನು ಫ್ಲೀಟ್ ಸಾಹೇಬರು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿರುವರು. ಕೌಮಾರ ವ್ಯಾಕರಣವನ್ನು ಬೋಧಿಸುವವರಿಗೆ ಭೂಮಿಯನ್ನು ಬಿಟ್ಟ ಸಂಗತಿಯು ಅದರಲ್ಲುಂಟು. ಕಲಿಸುವವನ ಭಾರವನ್ನು ಊರು ಹೊರತಕ್ಕದ್ದೆಂಬ ವಿವೇಕವು ಅಂದಿನವರಿಗಿದ್ದಿತು. ಇಂದು ಸಂಬಳದ ಭಾರವನ್ನು ಸರಕಾರವು ವಹಿಸಿಕೊಂಡಿದೆ. ಆದರೆ ಮಕ್ಕಳನ್ನು ನಾಲ್ಕು ಗೋಡೆಗಳ ಆಚೆಗೆ ಕರೆದೊಯ್ದು, ಮಣ್ಣು, ಮಳೆ, ಗಿಡ, ಹಕ್ಕಿಗಳ ನಡುವೆ ನಿಲ್ಲಿಸಿ ಕಲಿಸುವ ಕಾರ್ಯದಲ್ಲಿ ಊರವರ ನೆರವಿಲ್ಲದೆ ಶಿಕ್ಷಕನೊಬ್ಬನಿಂದ ಆಗತಕ್ಕದ್ದು ಬಹಳ ಸ್ವಲ್ಪ.

ಈ ವಿಚಾರವು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಗಿಡಗಳ ನೆರಳಿನಲ್ಲಿಯೇ ಪಾಠಗಳನ್ನು ಆರಂಭಿಸಿದರು. 1937ರ ವಾರ್ಧಾ ಸಮ್ಮೇಳನದ ಬಳಿಕ ಝಾಕಿರ ಹುಸೇನರ ಸಮಿತಿಯು ಸಿದ್ಧಪಡಿಸಿದ ಪಠ್ಯಕ್ರಮದಲ್ಲಿ ಸೃಷ್ಟಿ ಪರಿಚಯಕ್ಕೆ ಸ್ಥಾನವಿದ್ದಿತು. ಕನ್ನಡದಲ್ಲಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಸಂಪುಟಗಳನ್ನು ಬರೆದುದಲ್ಲದೆ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳು ಚಟುವಟಿಕೆಯಿಂದಲೂ ಶೋಧನೆಯಿಂದಲೂ ಕಲಿಯಬೇಕೆಂದು ವಿಧಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರಿಗೆ ಪಾಠಚೀಲವಿಲ್ಲದ 10 ದಿನಗಳನ್ನು ಸೂಚಿಸಿತು. ಕರ್ನಾಟಕದಲ್ಲಿ ತಿಂಗಳಿಗೊಂದು ಚೀಲರಹಿತ ದಿನವು ‘ಸಂಭ್ರಮ ಶನಿವಾರ’ವೆಂಬ ಹೆಸರಿನಿಂದ 2023ರಲ್ಲಿ ಮೊದಲಾಯಿತು. ಕಾಯಿದೆಗೂ ಕಾಗದಕ್ಕೂ ಕೊರತೆಯಿಲ್ಲವೆಂದಾಯಿತು.

ಹಾಗಿದ್ದರೂ ಶಿಕ್ಷಕನು ಹೊಸ್ತಿಲು ದಾಟಲು ಹಿಂಜರಿಯುವುದೇಕೆ? ಮೊದಲನೆಯ ಅಡ್ಡಿಯು ಪಾಲಕರ ಸಂಶಯ. ‘ಹೊಲದ ದುಡಿತ ತಪ್ಪಲೆಂದೇ ಮಗನನ್ನು ಸಾಲೆಗೆ ಹಾಕಿದೆವು, ಮಾಸ್ತರರು ತಿರುಗಿ ಹೊಲಕ್ಕೇ ಒಯ್ಯುವರಲ್ಲ!’ ಎಂದು ರೈತನು ಗೊಣಗುವುದುಂಟು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಳೆ ಕೀಳಲಿಕ್ಕೆ, ದನ ಕಾಯಲಿಕ್ಕೆ, ಹತ್ತಿ ಬಿಡಿಸಲಿಕ್ಕೆಂದು ಸಾಲೆ ಬಿಟ್ಟ ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಈ ಸೀಮೆಯು ಬೇಕಾದಷ್ಟು ಕಂಡಿದೆ. ಆದುದರಿಂದ ದುಡಿತಕ್ಕೂ ಪಾಠಕ್ಕೂ ಇರುವ ಭೇದವನ್ನು ಎಲ್ಲರೂ ಸ್ಪಷ್ಟವಾಗಿ ತಿಳಿದಿರಬೇಕು. ದುಡಿಯಲು ಹೋದ ಮಗುವಿನ ಶ್ರಮವು ಹೊಲದ ಒಡೆಯನಿಗೆ ಸಲ್ಲುತ್ತದೆ. ಕಲಿಯಲು ಹೋದ ಮಗುವು ಒಂದು ಪ್ರಶ್ನೆಯನ್ನು ಹೊತ್ತು ಹೋಗಿ, ತಾನು ಕಂಡುದನ್ನು ಬರೆದುಕೊಂಡು ಮರಳುತ್ತದೆ. ಪಾಠಕ್ಕೆ ಬಂದ ಮಕ್ಕಳಿಂದ ಒಂದು ಸೂಡು ಕಣಿಕೆಯನ್ನಾದರೂ ಹೊರಿಸತಕ್ಕದ್ದಲ್ಲ.

ಎರಡನೆಯ ಅಡ್ಡಿಯು ಶಿಕ್ಷಕನದೇ. ಬೇರೆ ಸೀಮೆಯಿಂದ ವರ್ಗವಾಗಿ ಬಂದ ಶಿಕ್ಷಕನಿಗೆ ಎರೆ ಭೂಮಿಯ ಗುಣವು ತಿಳಿಯದಿರಬಹುದು. ಮಕ್ಕಳು ಕೇಳಿದ ಗಿಡದ ಹೆಸರು ಬಾರದೆ ಹೋದರೆ ಮರ್ಯಾದೆ ಹೋದೀತೆಂಬ ಅಂಜಿಕೆಯೂ ಇರಬಹುದು. ಇದಕ್ಕೆ ಮದ್ದು ಊರಲ್ಲಿಯೇ ಉಂಟು. ಮಕ್ಕಳನ್ನು ಕರೆದೊಯ್ಯುವ ಹಿಂದಿನ ದಿನ ಶಿಕ್ಷಕನು ಅನುಭವಿಯಾದ ಒಬ್ಬ ಒಕ್ಕಲಿಗನೊಡನೆ ಅದೇ ಹೊಲವನ್ನು ಸುತ್ತಿ ಬರಲಿ. ಮರುದಿನ ಆ ಒಕ್ಕಲಿಗನೇ ಜೊತೆಯಲ್ಲಿರಲಿ. ಹೆಸರನ್ನು ಅವನು ಹೇಳಲಿ, ಕಾರಣವನ್ನು ಶಿಕ್ಷಕನು ಕೆದಕಿ ಕೇಳಲಿ. ಗುರುವೂ ಕೇಳಿ ಕಲಿಯುವುದನ್ನು ಮಕ್ಕಳು ಕಂಡರೆ ನಷ್ಟವೇನೂ ಇಲ್ಲ.

ಹಿಂಗಾರಿಯ ಹೊಲದಲ್ಲಿ ಕಲಿಯತಕ್ಕದ್ದೆಷ್ಟು! ಜೋಳದ ಹೊಲದ ಅಂಚಿಗೆ ಕುಸುಬಿಯನ್ನು ಬಿತ್ತುವುದೇಕೆಂದು ಕೇಳಿದರೆ, ಮುಳ್ಳನ್ನು ಮುಟ್ಟಿದ ಬೆರಳೇ ಉತ್ತರ ಹೇಳುತ್ತದೆ: ದನಗಳು ಒಳನುಗ್ಗಲಾರವು. ಮುಂಜಾನೆ ಕಡಲೆಯ ಎಲೆಯನ್ನು ನಾಲಗೆಗೆ ತಗುಲಿಸಿದರೆ ಹುಳಿ. ಎಲೆಯ ಸಣ್ಣ ರೋಮಗಳು ಆಮ್ಲವನ್ನು ಒಸರುತ್ತವೆ. ಇದನ್ನರಿತೇ ಹಿರಿಯರು ರಾತ್ರಿ ಕಡಲೆಯ ಮೇಲೆ ಬಟ್ಟೆ ಹಾಸಿ ಹುಳಿಯನ್ನು ಸಂಗ್ರಹಿಸುತ್ತಿದ್ದರು. ಇನ್ನು ಒಂದು ಕಡಲೆಯ ಗಿಡವನ್ನೂ ಒಂದು ಜೋಳದ ಗಿಡವನ್ನೂ ಬೇರು ಹರಿಯದಂತೆ ಅಗೆದು ನೀರಿನಲ್ಲಿ ತೊಳೆಯಬೇಕು. ಕಡಲೆಯ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುವುವು, ಜೋಳದಲ್ಲಿ ಕಾಣವು. ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಾಳಿಯಲ್ಲಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವ ಸೂಕ್ಷ್ಮ ಜೀವಿಗಳ ಮನೆಯದು. ಕಡಲೆಯ ನಂತರ ಜೋಳವು ಚೆನ್ನಾಗಿ ಬರುವುದೇಕೆಂಬುದು ಪುಸ್ತಕದಲ್ಲಿ ಎರಡು ಸಾಲಿನ ಪಾಠ. ಹೊಲದಲ್ಲಿ ಅದನ್ನು ಕಂಡವನು ಮರೆಯುವುದಿಲ್ಲ.

ಮಳೆ ನಿಂತ ಮೇಲೆ ಬಿತ್ತಿದ ಜೋಳವು ಭೂಮಿಯೊಳಗಿನ ಹಸಿಯನ್ನೇ ಕುಡಿದು ಬೆಳೆಯುತ್ತದೆ. ಈ ಹಸಿಯನ್ನು ಹಿಡಿದಿಡುವ ಜಿಗುಟು ಮಣ್ಣೇ ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಕೋಲನ್ನಿಳಿಸಿ ಆಳವನ್ನು ಅಳೆದರೆ ಲೆಕ್ಕದ ಪಾಠವೂ ಆಯಿತು. ಶಾಲೆಯ ಅಂಗಳದಲ್ಲಿಯೇ ನೆಟ್ಟಗೆ ಒಂದು ಕೋಲನ್ನು ನಿಲ್ಲಿಸಿದರೆ, ಆಗಸ್ಟ್ 6ರ ಸುಮಾರಿಗೆ, ಮೋಡವಿಲ್ಲದಿದ್ದರೆ, ನಡುಹಗಲಿನಲ್ಲಿ ಅದರ ನೆರಳು ಬುಡದಲ್ಲಿಯೇ ಅಡಗುವುದನ್ನು ಮಕ್ಕಳು ನೋಡಬಹುದು. ಖರ್ಚು ಒಂದು ಕೋಲು.

ಇದೆಲ್ಲ ಬರಿಯ ವಿನೋದವೆಂದು ಎಣಿಸಬಾರದು. ಆಲಮಟ್ಟಿಯ ನೀರು ಮುಳವಾಡ ಏತ ನೀರಾವರಿಯ ಮೂಲಕ ಬಾಗೇವಾಡಿಯ ಸೀಮೆಗೆ ಬಂದಿದೆ. ನೂರಾರು ವರ್ಷ ಮಳೆಯನ್ನೇ ನಂಬಿದ್ದ ಎರೆಗೆ ಕಾಲುವೆಯ ನೀರು ಭಾಗ್ಯವೇ ಸರಿ. ಆದರೆ ಮಿತಿ ಮೀರಿ ಹಾಯಿಸಿದರೆ, ಬಸಿದು ಹೋಗಲು ದಾರಿಯಿಲ್ಲದಿದ್ದರೆ, ಉಪ್ಪು ಮೇಲಕ್ಕೆದ್ದು ಭೂಮಿಯು ಸವಳಾಗುವುದು. ಡೋಣಿಯ ಉಪ್ಪುನೀರನ್ನು ಒಂದು ತಾಟಿನಲ್ಲಿಯೂ ಮಳೆಯ ನೀರನ್ನು ಇನ್ನೊಂದರಲ್ಲಿಯೂ ಬಿಸಿಲಿಗಿಟ್ಟು, ನೀರು ಆರಿದ ಮೇಲೆ ಉಳಿದ ಬಿಳಿಯ ಪದರನ್ನು ನೋಡಿದ ಹತ್ತು ವರ್ಷದ ಬಾಲಕಿಯು ಈ ಅಪಾಯವನ್ನು ಅರಿತಂತೆಯೇ. ಇಪ್ಪತ್ತು ವರ್ಷಗಳ ಮೇಲೆ ಈ ಹೊಲಗಳಿಗೆ ನೀರು ಬಿಡುವವರು ಇಂದು ಸಾಲೆಯಲ್ಲಿ ಕುಳಿತ ಮಕ್ಕಳೇ ಅಲ್ಲವೇ?

ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ರೂಢಿಯು ಈ ನಾಡಿನಲ್ಲುಂಟು. ಸಜ್ಜಿಯ ರೊಟ್ಟಿ, ಶೇಂಗಾ ಹೋಳಿಗೆಗಳ ಬುತ್ತಿಯೊಡನೆ ಮಕ್ಕಳು ಕುಣಿದಾಡುವ ಆ ಹೊತ್ತಿಗೆ ಜೋಳವೂ ಕಡಲೆಯೂ ಹಸಿರಾಗಿ ನಿಂತಿರುತ್ತವೆ. ಅದೇ ವಾರದಲ್ಲಿ ಇನ್ನೊಂದು ದಿನ ಶಿಕ್ಷಕರನ್ನೂ ಸಾಲೆಯ ಮಕ್ಕಳನ್ನೂ ತಮ್ಮ ಹೊಲಕ್ಕೆ ಬರಮಾಡಿಕೊಳ್ಳುವ ಒಕ್ಕಲುಗಳು ಊರಿಗೆ ನಾಲ್ಕಾದರೂ ಸಾಕು. ಸಾಲೆಯ ಮುಖ್ಯಸ್ಥರು ಆ ದಿನವನ್ನು ವೇಳಾಪತ್ರಿಕೆಯಲ್ಲಿ ಪಾಠವೆಂದೇ ಬರೆಯಬೇಕು. ಇಲ್ಲವಾದರೆ ಮೇಲಧಿಕಾರಿಗಳು ಬಂದಾಗ ಶಿಕ್ಷಕನು ಕಾಲಹರಣದ ಅಪವಾದವನ್ನು ಹೊರುವನು. ಇಬ್ಬರು ತಾಯಂದಿರು ಸಂಗಡ ನಡೆದರೆ ಚಿಕ್ಕ ಮಕ್ಕಳ ಮೇಲೆ ಕಣ್ಣಿಡಲು ಅನುಕೂಲ. ಬಾವಿಯ ಬಳಿಗೂ ಕಾಲುವೆಯ ಏರಿಗೂ ಒಬ್ಬ ಮಗುವನ್ನೂ ಬಿಡತಕ್ಕದ್ದಲ್ಲ. ಹುತ್ತವಿದ್ದಲ್ಲಿ, ಜೇನು ಕಟ್ಟಿದಲ್ಲಿ ದೂರದಿಂದಲೇ ತೋರಿಸಬೇಕು. ಬಿಸಿಲೇರುವ ಮುನ್ನ ಮರಳಬೇಕು. ಎಲ್ಲಕ್ಕೂ ಮಿಗಿಲಾಗಿ, ಬೆಳೆಗೆ ಕೀಟನಾಶಕವನ್ನು ಯಾವ ದಿನ ಸಿಂಪಡಿಸಿದೆಯೆಂಬುದನ್ನು ಹೊಲದ ಒಡೆಯನು ತಾನಾಗಿಯೇ ಶಿಕ್ಷಕನಿಗೆ ಮುಂಚಿತವಾಗಿ ಹೇಳಿಕಳುಹಿಸಬೇಕು; ಸಿಂಪಡಿಸಿದ್ದರೆ ಪಾಠವನ್ನು ಬೇರೆ ಹೊಲಕ್ಕೆ ಬದಲಿಸುವುದು ಮೇಲು.