ಚೀನಾದ ಹಳೆಯ ಹೇರ್‌ಪಿನ್‌ಗಳು



ವಿಷಯ ಹೇರ್‌ಪಿನ್ ಎಂದೊಡನೆ ಹಿಂದಿನ ಸಾಲಿನ ಹುಡುಗರು ನಗುತ್ತಿದ್ದೀರಿ. ಚೀನಾದಲ್ಲಿ ಶತಮಾನಗಳ ಕಾಲ ಗಂಡಸರೂ ಕೂದಲನ್ನು ನೆತ್ತಿಯ ಮೇಲೆ ಗಂಟು ಕಟ್ಟಿ ಪಿನ್ ಸಿಕ್ಕಿಸುತ್ತಿದ್ದರು. 1645ರಲ್ಲಿ ಚಿಂಗ್ ಅರಸರು, ಗಂಡಸರು ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂದು ಕಟ್ಟಪ್ಪಣೆ ಹೊರಡಿಸಿದರು. ಒಪ್ಪದವರ ತಲೆ ಹೋಯಿತು. ಆಮೇಲೆ ಪಿನ್ನು ಹೆಚ್ಚಾಗಿ ಹೆಂಗಸರ ವಸ್ತುವಾಗಿ ಉಳಿಯಿತು.

ಒಂಟಿ ಕಡ್ಡಿಯದು 'ಝಾನ್', ಎರಡು ಕವಲಿನದು 'ಚಾಯ್'. ತೂಗಾಡುವ ಮಣಿಗಳಿದ್ದರೆ 'ಬುಯಾವ್', ಅಂದರೆ ಹೆಜ್ಜೆ ಇಟ್ಟಾಗ ಅಲುಗುವುದು. ಎಷ್ಟು ಚಂದದ ಹೆಸರು ನೋಡಿ! ಮೂಳೆ, ಜೇಡ್ ಕಲ್ಲು, ಬೆಳ್ಳಿ, ಬಂಗಾರ, ಎಲ್ಲದರಲ್ಲೂ ಮಾಡುತ್ತಿದ್ದರು. ಚಿನ್ನದ ನೀರು ಕೊಟ್ಟ ಬೆಳ್ಳಿಯ ಮೇಲೆ ಮಿಂಚುಳ್ಳಿಯ ಗರಿಯನ್ನು ಕತ್ತರಿಸಿ ಅಂಟಿಸುವ ಕಲೆಯೂ ಇತ್ತು. ಆ ನೀಲಿ ಯಾವುದೇ ಬಣ್ಣದ್ರವ್ಯದಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರಿ ಕಾಣುವಂಥದ್ದು. ಹೀಗಾಗಿ ನೂರಾರು ವರ್ಷ ಕಳೆದರೂ ಅದು ಅಷ್ಟಾಗಿ ಮಾಸಿಲ್ಲ. ಕಾಂಬೋಡಿಯದಿಂದಲೂ ಗರಿ ತರಿಸುತ್ತಿದ್ದರು. ನೋಡುವವರ ಕಣ್ಣಿಗೆ ಹಬ್ಬ, ಹಕ್ಕಿಗೆ ಮಾತ್ರ ಸಾವು. ಈಗ ಬಣ್ಣ ಹಾಕಿದ ಹೆಬ್ಬಾತಿನ ಗರಿ ಅಥವಾ ರೇಷ್ಮೆ ಬಳಸುತ್ತಾರೆ, ಒಳ್ಳೆಯದಾಯಿತು.

ಹುಡುಗಿಗೆ 15 ತುಂಬಿದಾಗ ಕೂದಲು ಮೇಲೆ ಕಟ್ಟಿ ಪಿನ್ ಸಿಕ್ಕಿಸುವ ಶಾಸ್ತ್ರವಿತ್ತು. ಅದರ ಹೆಸರು 'ಜಿ ಲಿ'. ಅಂದಿನಿಂದ ಆಕೆ ಮದುವೆಯ ವಯಸ್ಸಿಗೆ ಬಂದವಳು. ನಮ್ಮ ಹತ್ತನೇ ತರಗತಿಯ ಹೆಣ್ಣುಮಕ್ಕಳಿಗೂ ಸುಮಾರು ಅದೇ ವಯಸ್ಸು. ನಿಮ್ಮ ಕೈಗೆ ಬರುವುದು ಹಾಲ್ ಟಿಕೆಟ್.

ಹಾಗೆಂದು ತಲೆಗೆ ಪಿನ್ ಇಟ್ಟವಳು ಅಡುಗೆಮನೆಗಷ್ಟೇ ಎಂದು ತಿಳಿಯಬೇಡಿ. 1976ರಲ್ಲಿ ಹೆನಾನ್ ಪ್ರಾಂತ್ಯದ ಆನ್ಯಾಂಗ್‌ನಲ್ಲಿ ಫು ಹಾವ್ ಎಂಬ ರಾಣಿಯ ಸಮಾಧಿಯನ್ನು ಅಗೆದರು. ಅಗೆತದ ಮುಂದಾಳು ಕೂಡ ಮಹಿಳೆಯೇ, ಪುರಾತತ್ವಜ್ಞೆ ಝೆಂಗ್ ಝೆನ್‌ಶಿಯಾಂಗ್. ಸುಮಾರು 3200 ವರ್ಷ ಹಳೆಯ ಆ ಸಮಾಧಿ ಕಳ್ಳರ ಕೈಗೆ ಸಿಗದೆ ಉಳಿದಿತ್ತು. ಅದರಲ್ಲಿ ಮೂಳೆಯ ಹೇರ್‌ಪಿನ್‌ಗಳೇ ಸುಮಾರು 500! ಕೆಲವುಗಳ ತುದಿಯಲ್ಲಿ ಹಕ್ಕಿಯ ಕೆತ್ತನೆ. ಅವುಗಳ ಜೊತೆಯಲ್ಲೇ ನೂರಕ್ಕೂ ಹೆಚ್ಚು ಆಯುಧಗಳು. ಈಕೆ ಸೈನ್ಯ ನಡೆಸಿದ್ದು, ಒಂದು ದಂಡಯಾತ್ರೆಗೆ 13,000 ಜನರನ್ನು ಕೂಡಿಸಿದ ವಿಚಾರ ಆ ಕಾಲದ ಮೂಳೆಬರಹಗಳಲ್ಲಿ ಸಿಗುತ್ತದೆ. ಸಮಾಧಿಯ ಎರಡು ದೊಡ್ಡ ಕಂಚಿನ ಕೊಡಲಿಗಳ ಮೇಲೆ ಆಕೆಯದೇ ಹೆಸರಿದೆ. ಒಂದೊಂದೂ 8 ಕಿಲೋಗಿಂತ ಹೆಚ್ಚು ತೂಕ.