ಕ್ಯಾಮೆರಾ ನಿಲ್ಲಿಸಿದ್ದು ಒಂದು ಗಳಿಗೆಯನ್ನು

ಸ್ಕಾಟ್ಲೆಂಡಿನ ಛಾಯಾಗ್ರಾಹಕ ಜಾನ್ ಥಾಮ್ಸನ್ 1871ರ ಸುಮಾರಿಗೆ ಬೀಜಿಂಗಿಗೆ ಹೋದ. ಜೊತೆಯಲ್ಲಿ ಭಾರವಾದ ಕ್ಯಾಮೆರಾ, ಗಾಜಿನ ಫಲಕಗಳು, ರಾಸಾಯನಿಕದ ಸೀಸೆಗಳು. ಅವನು ಅಲ್ಲಿ ತೆಗೆದ ಚಿತ್ರಗಳಲ್ಲಿ ಮಂಚು ಹೆಂಗಸರದೂ ಇವೆ. ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ರಾಜಮನೆತನ ಮಂಚು ಜನರದೇ. ಈಶಾನ್ಯದಿಂದ ಬಂದು 1644ರಲ್ಲಿ ಬೀಜಿಂಗ್ ಹಿಡಿದವರು ಅವರು.

ಮಂಚು ಹೆಂಗಸನ್ನು ಚಿತ್ರದಲ್ಲಿ ಗುರುತಿಸುವುದು ಕಷ್ಟವಲ್ಲ. ಹೆಗಲಿನಿಂದ ಕಾಲಿನವರೆಗೆ ನೇರವಾಗಿ ಇಳಿಯುವ ಒಂದೇ ನಿಲುವಂಗಿ. ಬಹುಸಂಖ್ಯಾತ ಹಾನ್ ಚೀನೀ ಹೆಂಗಸರದಾದರೆ ಮೇಲಂಗಿ ಬೇರೆ, ಲಂಗ ಬೇರೆ. ಮಂಚು ಹೆಂಗಸು ನೆತ್ತಿಯ ಕೂದಲನ್ನು ಎರಡು ಪಾಲು ಮಾಡಿ, ಅಡ್ಡಪಟ್ಟಿಗೆ ಸುತ್ತಿ, ಎಡಬಲಕ್ಕೆ ಚಾಚುವಂತೆ ಕಟ್ಟಿ ಹೂ ಮುಡಿಯುತ್ತಿದ್ದಳು. ಒಂದೊಂದು ಕಿವಿಗೂ ಮೂರು ಮೂರು ಓಲೆ. ಎಲ್ಲಕ್ಕಿಂತ ಮುಖ್ಯವಾಗಿ, ಪಾದ ಹಾನ್ ಹೆಂಗಸರಂತೆ ಚಿಕ್ಕದಾಗಿರಲೆಂದು ಬಿಗಿದು ಕಟ್ಟಿಸಿಕೊಂಡದ್ದಲ್ಲ, ಹುಟ್ಟಿದ ಹಾಗೇ ಬೆಳೆದದ್ದು. ಸಿರಿವಂತರ ಮನೆಯವರು ಅಂಗಾಲಿನ ನಡುವೆ ಎತ್ತರದ ಮರದ ಹಿಮ್ಮಡಿಯಿದ್ದ ಪಾದರಕ್ಷೆ ತೊಡುತ್ತಿದ್ದರು.

ಇದನ್ನೆಲ್ಲ ನೋಡಿದಾಗ ನೂರಾರು ವರ್ಷ ಅಲುಗಾಡದೆ ಬಂದ ಸಂಪ್ರದಾಯ ಎನಿಸುತ್ತದೆ. ಆದರೆ ಅರಮನೆಯ ದಾಖಲೆ ಬೇರೆಯೇ ಕಥೆ ಹೇಳುತ್ತದೆ. 1775ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿ ಅರಮನೆಗೆ ಹೆಣ್ಣುಮಕ್ಕಳನ್ನು ಆರಿಸುವಾಗ ಅವರ ಕಿವಿ ನೋಡಿ ಸಿಟ್ಟಾದ. ಮೂರು ಓಲೆ ಇರಬೇಕಾದಲ್ಲಿ ಒಂದೇ ಇತ್ತು. ಇದು ನಮ್ಮ ಹಳೆಯ ಪದ್ಧತಿ, ಬದಲಾಗಕೂಡದು ಎಂದು ಆಜ್ಞೆ ಹೊರಡಿಸಿದ. ಅವನ ಮಗ ಜಿಯಾಚಿಂಗ್‌ನ ಕಾಲದಲ್ಲಿ, 1804ರಲ್ಲಿ, ಹಾಗೆಯೇ ಆಯ್ಕೆಗೆ ಬಂದ ಕೆಲವರ ಅಂಗಿಯ ತೋಳು ಹಾನ್ ರೀತಿಯಲ್ಲಿ ಅಗಲವಾಗಿತ್ತು, ಕೆಲವರು ಪಾದವನ್ನೂ ಕಟ್ಟಿಸಿಕೊಂಡಿದ್ದರು. ಮತ್ತೆ ಗದರಿಕೆ. ಜನ ಪಾಲಿಸುತ್ತಿದ್ದರೆ ಇಷ್ಟು ಆಜ್ಞೆ ಏಕೆ ಬೇಕಾಗುತ್ತಿತ್ತು?

ಕೇಶಾಲಂಕಾರವೂ ನಿಂತಲ್ಲಿ ನಿಲ್ಲಲಿಲ್ಲ. ರಾಜಮಾತೆ ಸಿಶಿಯ ಚಿತ್ರಗಳನ್ನು 1903-04ರ ಸುಮಾರಿಗೆ ಶುನ್‌ಲಿಂಗ್ ಎಂಬ ಯುವಕ ತೆಗೆದ. ಅವಳ ತಲೆಯ ಮೇಲಿರುವುದು ಕಪ್ಪು ಸ್ಯಾಟಿನ್ ಹೊದಿಸಿದ ಹಲಗೆಯಂಥ ದೊಡ್ಡ ಕಿರೀಟ, ಇಕ್ಕೆಲಗಳಲ್ಲಿ ಹೂಗಳು, ಇಳಿಬಿದ್ದ ಕುಚ್ಚು. ಸ್ವಂತ ಕೂದಲಿನಿಂದ ಕಟ್ಟುತ್ತಿದ್ದ ತುರುಬು ಬೆಳೆದು ಬೆಳೆದು ತಲೆಯ ಮೇಲೆ ಇಡುವ ವಸ್ತುವಾಗಿತ್ತು. ನಾವು ಅಪ್ಪಟ ಮಂಚು ಎಂದು ಗುರುತಿಸುವ ಆ ರೂಪ ಚಿಂಗ್ ಆಳ್ವಿಕೆಯ ಕೊನೆಗಾಲದ ಫ್ಯಾಷನ್.

1911ರಲ್ಲಿ ಚಿಂಗ್ ಆಳ್ವಿಕೆಯ ವಿರುದ್ಧ ಕ್ರಾಂತಿಯಾಯಿತು. ಶಿಯಾನ್ ನಗರದಲ್ಲಿ ಮಂಚು ಜನರ ಕಗ್ಗೊಲೆ ನಡೆಯಿತು. ಅಂಥ ದಿನಗಳಲ್ಲಿ ಉದ್ದನೆಯ ನಿಲುವಂಗಿಯೂ ಕಟ್ಟದ ಪಾದವೂ ಹೆಂಗಸರ ಗುರುತು ಬಿಟ್ಟುಕೊಡುತ್ತಿದ್ದವು. ನಿನ್ನೆಯವರೆಗೆ ಮರ್ಯಾದೆ ತಂದದ್ದು ಇಂದು ಜೀವಕ್ಕೆ ಸಂಚಕಾರ. ಅನೇಕರು ಆ ಉಡುಪನ್ನು ಕಳಚಿಟ್ಟರು. ಆದರೆ 1920ರ ದಶಕದಲ್ಲಿ ಶಾಂಘೈಯ ವಿದ್ಯಾವಂತ ಯುವತಿಯರು ಚಿಪಾವ್ ಎಂಬ ಒಂದೇ ತುಂಡಿನ ನಿಲುವಂಗಿ ತೊಟ್ಟರು. ಅದು ಮಂಚು ಉಡುಪಿನಿಂದ ಬಂತೆನ್ನುವವರಿದ್ದಾರೆ, ಗಂಡಸರ ನಿಲುವಂಗಿಯಿಂದ ಬಂತೆನ್ನುವವರೂ ಇದ್ದಾರೆ. ಅಂತೂ ಇಂದು ಜಗತ್ತು ಅದನ್ನು ಚೀನಾದ ಉಡುಪು ಎಂದೇ ಕರೆಯುತ್ತದೆ.

ಚಕ್ರವರ್ತಿ ಆಜ್ಞಾಪಿಸಿದರೂ ನಿಂತಲ್ಲಿ ನಿಲ್ಲದ ಸಂಪ್ರದಾಯ ಫೋಟೊದಲ್ಲಿ ಮಾತ್ರ ಅಲುಗದೆ ನಿಲ್ಲುತ್ತದೆ. ಉಟ್ಟವರು ಅದನ್ನು ದಿನದಿನವೂ ತಿದ್ದುತ್ತಲೇ ಇರುತ್ತಾರೆ, ಅದು ಬದುಕಿರುವುದೂ ಹಾಗೆ ತಿದ್ದುವುದರಿಂದಲೇ. ಹಾಗಾಗಿ ಕೇಳುಗರೇ, ಮನೆಯ ಹೆಣ್ಣುಮಕ್ಕಳ ಉಡುಗೆಯನ್ನು ಹಳೆಯ ಚಿತ್ರದ ಅಳತೆಗೋಲಿನಿಂದ ಅಳೆಯುವ ಮೊದಲು, ಆ ಚಿತ್ರದಲ್ಲಿರುವವಳೂ ತನ್ನ ಅಜ್ಜಿಗಿಂತ ಬೇರೆಯಾಗಿಯೇ ಉಟ್ಟಿದ್ದಳು ಎಂಬುದನ್ನು ನೆನೆಯೋಣ.