ಕಾವಿಗಿಟ್ಟ ಮೊಟ್ಟೆಗೆ ಎಷ್ಟು ತೇವ ಬೇಕು?



ಬದ್ಲಾಪುರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಮಳೆಗಾಲ 12 ನಾಟಿಕೋಳಿ ಮೊಟ್ಟೆಗಳನ್ನು ಇನ್‌ಕ್ಯುಬೇಟರ್‌ನಲ್ಲಿಟ್ಟೆ. ತೇವ ಹೆಚ್ಚಿದಷ್ಟೂ ಒಳ್ಳೆಯದೆಂದು ದಿನವೂ ತಟ್ಟೆಗೆ ನೀರು ತುಂಬಿದೆ. ಹೊರಬಂದದ್ದು 3 ಮರಿ. ಉಳಿದವು ಪೂರ್ತಿ ಬೆಳೆದು ಒಳಗೇ ಸತ್ತಿದ್ದವು. ಆ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಕಾರಣ ತಿಳಿಯಿತು. ಮೊಟ್ಟೆ ಸ್ವಲ್ಪ ಒಣಗಲೇಬೇಕು. ಆಗ ಅದರ ಅಗಲ ತುದಿಯಲ್ಲಿ ಗಾಳಿಯ ಜಾಗ ದೊಡ್ಡದಾಗುತ್ತದೆ. ಮರಿಯ ಮೊದಲ ಉಸಿರು ಅಲ್ಲೇ.

ಮೊದಲ 18 ದಿನ ತೇವಾಂಶ ಶೇ. 50-55 ಇರಲಿ. ಕೊನೆಯ 3 ದಿನ ಶೇ. 65-70 ಬೇಕು, ಇಲ್ಲದಿದ್ದರೆ ಪೊರೆ ಒಣಗಿ ಮರಿಗೆ ಅಂಟುತ್ತದೆ. ಆಗ ಮುಚ್ಚಳ ತೆರೆಯಬೇಡಿ.

ಮಳೆಗಾಲದಲ್ಲಿ ಹೈಗ್ರೋಮೀಟರ್ ನೋಡಿಯೇ ನೀರು ಹಾಕಿ. ಮರುವರ್ಷ ನಮ್ಮಲ್ಲಿ 9 ಮರಿಗಳು ಚಿಂವ್‌ಗುಟ್ಟಿದವು. ಅತಿ ಆರೈಕೆಯೂ ಉಸಿರು ಕಟ್ಟಿಸುತ್ತದೆ, ಅಲ್ಲವೇ?